ಬೆಳಕಿಗೂ ಸದ್ದಿಗೂ ನೋಯುವ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ನಮ್ಮ ಧರ್ಮಕೇಂದ್ರದಲ್ಲಿ ಜರುಗಿದ ತಂದೆತಾಯಿಗಳ ಸಮಾವೇಶದಲ್ಲಿ ದಂಪತಿಗಳಿಬ್ಬರು ಮಾಡಿದ ಭಾಷಣದ ಪಾಠ)



ನೂರು ವರ್ಷಗಳನ್ನು ಪೂರೈಸಿದ ಈ ದೇವಾಲಯದ ನೆರಳಿನಲ್ಲಿ ನಿಂತು ನಾಲ್ಕು ಮಾತನಾಡುವ ಅವಕಾಶ ದೊರೆತುದು ನಮ್ಮಿಬ್ಬರ ಭಾಗ್ಯವೆಂದು ಭಾವಿಸುತ್ತೇವೆ. ನಾವು ವೈದ್ಯರಲ್ಲ, ಮನಶ್ಶಾಸ್ತ್ರವನ್ನು ಓದಿದವರೂ ಅಲ್ಲ. ಪ್ರಖರವಾದ ಬೆಳಕಿಗೂ ಜೋರಾದ ಸದ್ದಿಗೂ ನೋಯುವ ಒಬ್ಬ ಮಗನನ್ನು ಹನ್ನೊಂದು ವರ್ಷಗಳಿಂದ ಬೆಳೆಸುತ್ತಿರುವ ತಂದೆತಾಯಿಗಳು, ಅಷ್ಟೆ. ನಾವು ಮಾಡಿದ ತಪ್ಪುಗಳನ್ನು ಇನ್ನೊಬ್ಬರು ಮಾಡದಿರಲಿ ಎಂಬ ಒಂದೇ ಆಸೆಯಿಂದ ಈ ಸಂಗತಿಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಆರು ವರ್ಷಗಳ ಹಿಂದಿನ ಪಾಸ್ಖ ಜಾಗರಣೆಯ ರಾತ್ರಿಯನ್ನು ಇಲ್ಲಿರುವ ಕೆಲವರಾದರೂ ಮರೆತಿರಲಾರಿರಿ. ಆಗ ನಮ್ಮ ಮಗನಿಗೆ ಐದು ವರ್ಷ. ದೇವಾಲಯವೆಲ್ಲ ಕತ್ತಲೆ, ಪಾಸ್ಖ ದೀಪದಿಂದ ಹಚ್ಚಿಕೊಂಡ ಮೇಣದ ಬತ್ತಿಗಳು ಮಾತ್ರ ಕೈಕೈಯಲ್ಲಿ ಉರಿಯುತ್ತಿದ್ದವು. ಅವನು ತನ್ನ ಬತ್ತಿಯನ್ನು ಎರಡೂ ಕೈಗಳಿಂದ ಹಿಡಿದು, ಆ ಜ್ವಾಲೆಯನ್ನೇ ನೋಡುತ್ತ, ವಾಚನಗಳು ಮುಗಿಯುವವರೆಗೂ ಅಲುಗದೆ ಕುಳಿತಿದ್ದನು. ಅಷ್ಟು ಶಾಂತನಾಗಿ ಅವನು ಬಲಿಪೂಜೆಯಲ್ಲಿ ಕುಳಿತುದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಬಳಿಕ ಮಹಿಮಾಗೀತೆ ಮೊದಲಾಯಿತು. ಒಮ್ಮೆಗೇ ವಿದ್ಯುದ್ದೀಪಗಳೆಲ್ಲವೂ ಹತ್ತಿಕೊಂಡವು. ಗೋಪುರದ ಗಂಟೆಯೂ ಪೀಠದ ಬಳಿಯ ಗಂಟೆಗಳೂ ಮೊಳಗಿದವು. ಹೊರಗೆ ಅಂಗಳದಲ್ಲಿ ಪಟಾಕಿಯ ಸರ ಸಿಡಿಯಿತು. ಮಗ ಚೀರಿದನು. ಬತ್ತಿಯನ್ನು ಎಸೆದು, ಕಿವಿ ಮುಚ್ಚಿಕೊಂಡು, ಬೆಂಚಿನ ಕೆಳಗೆ ನುಗ್ಗಿ, ಎಳೆಯಹೋದ ನಮ್ಮ ಕೈಯನ್ನು ಕಚ್ಚಿದನು. ಪುನರುತ್ಥಾನದ ಆನಂದದಲ್ಲಿದ್ದ ಸಭೆಯೆಲ್ಲ ತಿರುಗಿ ನಮ್ಮನ್ನು ನೋಡಿತು. "ಮಗುವನ್ನು ಹದ್ದುಬಸ್ತಿನಲ್ಲಿಡಲು ಬಾರದೆ?" ಎಂದು ಯಾರೋ ಹಿರಿಯರು ಹಿಂದಿನಿಂದ ಅಂದರು.

ಅಂದು ರಾತ್ರಿ ಮನೆಗೆ ಹೋದಮೇಲೆ ನಾವು ಅವನ ಮೇಲೆ ಕೈ ಮಾಡಿದೆವು. ಇದನ್ನು ಇಷ್ಟು ಜನರೆದುರು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ; ಆದರೂ ಮುಚ್ಚಿಡುವುದು ಸಲ್ಲದು. ಅದಾದ ಮೇಲೆ ಎರಡು ವರ್ಷಗಳ ಕಾಲ ನಾವು ಒಂದು ಕುಟುಂಬವಾಗಿ ಬಲಿಪೂಜೆಗೆ ಬರಲಿಲ್ಲ. ಒಬ್ಬರು ಮೊದಲ ಪೂಜೆಗೆ, ಇನ್ನೊಬ್ಬರು ಎರಡನೆಯ ಪೂಜೆಗೆ. ನಡುವೆ ಮಗನೊಡನೆ ಮನೆಯಲ್ಲಿ ಒಬ್ಬರು. ಮದುವೆ, ದೀಕ್ಷಾಸ್ನಾನ, ಊರಹಬ್ಬ, ಯಾವುದಕ್ಕೂ ಜೊತೆಯಾಗಿ ಹೋಗಲಾಗಲಿಲ್ಲ.

ಕಣ್ಣು ತೆರೆಸಿದವರು ನಮ್ಮ ಮನೆಯ ಅಜ್ಜಿ. "ಕತ್ತಲೆಯಲ್ಲಿ ಅಷ್ಟು ಹೊತ್ತು ದೇವದೂತನ ಹಾಗೆ ಕುಳಿತಿದ್ದ ಕೂಸು ಒಂದು ಗಳಿಗೆಯಲ್ಲಿ ಹಟಮಾರಿ ಆಗುತ್ತದೇನಪ್ಪ? ಅದಕ್ಕೆ ಎಲ್ಲೋ ನೋವಾಗಿರಬೇಕು, ನೋಡಿ" ಎಂದು ಅವರು ಪದೇಪದೇ ಹೇಳುತ್ತಿದ್ದರು. ಅವರ ಒತ್ತಾಯಕ್ಕೆ ವೈದ್ಯರ ಬಳಿ ಹೋದೆವು. ಹಲವು ಪರೀಕ್ಷೆಗಳ ನಂತರ ಮಗನಿಗೆ ಆಟಿಸಂ ಎಂದು ಕರೆಯಲ್ಪಡುವ ಸ್ವಲೀನತೆ ಸೌಮ್ಯ ರೂಪದಲ್ಲಿ ಇದೆಯೆಂದೂ, ಬೆಳಕು ಮತ್ತು ಸದ್ದುಗಳು ಅವನಿಗೆ ನಮಗಿಂತ ಬಹಳ ತೀಕ್ಷ್ಣವಾಗಿ ತಾಗುತ್ತವೆಯೆಂದೂ ತಿಳಿಯಿತು. ಓದು ಬರಹ ಅಷ್ಟಾಗಿ ಇಲ್ಲದ ಅಜ್ಜಿ ಹೇಳಿದುದೂ ಅದನ್ನೇ ಅಲ್ಲವೇ?

ಇದು ಹೇಗೆ ಸಂಭವಿಸುತ್ತದೆ? ಕೆರೆಯ ತೂಬನ್ನು ನೀವೆಲ್ಲ ಬಲ್ಲಿರಿ. ಕೆರೆಯಲ್ಲಿ ಎಷ್ಟೇ ನೀರಿದ್ದರೂ ಗದ್ದೆಗೆ ಬೇಕಾದಷ್ಟನ್ನು ಮಾತ್ರ ತೂಬು ಬಿಡುತ್ತದೆ. ನಮ್ಮ ಮಿದುಳೂ ಹಾಗೆಯೇ. ಫ್ಯಾನಿನ ಸದ್ದು, ಬೀದಿಯ ಗದ್ದಲ, ಮೈಮೇಲಿನ ಬಟ್ಟೆಯ ಸ್ಪರ್ಶ, ಇವೆಲ್ಲ ಎಡೆಬಿಡದೆ ಒಳಗೆ ಬರುತ್ತಿದ್ದರೂ ಸ್ವಲ್ಪ ಹೊತ್ತಿನಲ್ಲಿ ಮಿದುಳು ಅವನ್ನು ಬದಿಗೆ ಸರಿಸಿ, ಬೇಕಾದುದರ ಕಡೆಗೆ ಮಾತ್ರ ಗಮನ ಕೊಡುತ್ತದೆ. ಕೆಲವು ಮಕ್ಕಳಲ್ಲಿ ಈ ತೂಬು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಎಲ್ಲವೂ ಒಟ್ಟಿಗೆ, ಒಂದೇ ರಭಸದಿಂದ ನುಗ್ಗುತ್ತದೆ. ಆಗ ಗದ್ದೆ ಕೊಚ್ಚಿಹೋಗುವಂತೆ ಮಗುವಿನ ಸಮಾಧಾನವೂ ಕೊಚ್ಚಿಹೋಗುತ್ತದೆ.

ಇದು ಇಂದು ನಿನ್ನೆಯ ಕಲ್ಪನೆಯಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೋ ಕ್ಯಾನರ್ ಎಂಬವರು 11 ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ, ಅವರು ಜೋರಾದ ಸದ್ದುಗಳಿಗೂ ಲಿಫ್ಟಿನಂತಹ ಚಲಿಸುವ ಯಂತ್ರಗಳಿಗೂ ಬೆದರುತ್ತಿದ್ದುದನ್ನು ಗುರುತಿಸಿದರು. ಅಷ್ಟೇ ಜೋರಾದ ಸದ್ದನ್ನು ಮಗು ತಾನೇ ಮಾಡಿದಾಗ ಅದಕ್ಕೆ ಸಂತೋಷವೇ ಆಗುತ್ತಿತ್ತೆಂಬ ಮಾತೂ ಅದರಲ್ಲಿದೆ. ಇಂದ್ರಿಯಗಳಿಂದ ಬರುವ ಅನುಭವಗಳನ್ನು ಮಿದುಳು ಹೇಗೆ ಕೂಡಿಸಿಕೊಳ್ಳುತ್ತದೆ ಎಂಬುದನ್ನು ಅದೇ ದೇಶದ ಜೀನ್ ಏರ್ಸ್ ಎಂಬ ಮಹಿಳೆ ದೀರ್ಘಕಾಲ ಅಭ್ಯಸಿಸಿ 1972ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಇಂದ್ರಿಯಗಳ ಈ ಅತಿಸೂಕ್ಷ್ಮತೆಯನ್ನು ಸ್ವಲೀನತೆಯ ಲಕ್ಷಣಗಳಲ್ಲೊಂದಾಗಿ ಸೇರಿಸಲಾಯಿತು. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು: ಸದ್ದಿಗೆ ಬೆದರುವ ಮಕ್ಕಳೆಲ್ಲರಿಗೂ ಸ್ವಲೀನತೆ ಇರುವುದಿಲ್ಲ. ಬೇರಾವ ತೊಂದರೆಯೂ ಇಲ್ಲದ ಮಕ್ಕಳಲ್ಲಿಯೂ ಈ ಸೂಕ್ಷ್ಮತೆ ಉಂಟು.

ಆದಕಾರಣ ಮೊದಲು ಮಾಡಬೇಕಾದುದು ಪರೀಕ್ಷೆ. ಬೆಳಕನ್ನು ಕಂಡೊಡನೆ ಹಸುಗೂಸು ಮುಖ ತಿರುಗಿಸಿದರೆ, ಕಣ್ಣಿನಲ್ಲಿ ಸದಾ ನೀರು ಸುರಿಯುತ್ತಿದ್ದರೆ, ಕಣ್ಣಿನ ಕಪ್ಪುಭಾಗ ದೊಡ್ಡದಾಗಿಯೋ ಮಂಜಾಗಿಯೋ ಕಂಡರೆ ಒಂದು ದಿನವೂ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಅದು ಹುಟ್ಟಿನಿಂದ ಬಂದ ಗ್ಲಾಕೋಮಾ ಇರಬಹುದು. ತಡವಾದರೆ ದೃಷ್ಟಿಯೇ ಹೋಗುತ್ತದೆ. ತಲೆನೋವಿನೊಡನೆ ಬೆಳಕು ಸಹಿಸದ ಮಗುವಿಗೆ ಮೈಗ್ರೇನ್ ಇರಬಹುದು. ಮಿಣುಕುವ ದೀಪಗಳೆದುರು ಮಗು ಕ್ಷಣಕಾಲ ಮೈಮರೆತಂತಾದರೆ ಅಥವಾ ಕೈಕಾಲು ಅದುರಿದರೆ ಅದು ಮೂರ್ಛೆರೋಗವೋ ಎಂದು ತಿಳಿದುಕೊಳ್ಳಬೇಕು. ಕಿವಿಯ ಸೋಂಕೂ ಶ್ರವಣದ ಸ್ಥಿತಿಯೂ ಪರೀಕ್ಷೆಯಾಗಬೇಕು. ಇವೆಲ್ಲ ಇಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆ.

ವೈದ್ಯರು ನಮಗೆ ಬರೆದುಕೊಟ್ಟುದು ಔಷಧಿಯನ್ನಲ್ಲ. ಒಂದು ನೋಟುಬುಕ್ಕನ್ನು ಇಡುವಂತೆ ಹೇಳಿದರು. ಒಂದು ತಿಂಗಳ ಕಾಲ ಮಗ ಯಾವಾಗ ಕಿವಿ ಮುಚ್ಚಿದನು, ಯಾವಾಗ ಕಣ್ಣು ಉಜ್ಜಿದನು, ಆಗ ಏನು ನಡೆಯುತ್ತಿತ್ತು, ಹಸಿದಿದ್ದನೇ, ನಿದ್ದೆಗೆಟ್ಟಿದ್ದನೇ ಎಂಬುದನ್ನೆಲ್ಲ ಬರೆದೆವು. ತಿಂಗಳ ಕೊನೆಯಲ್ಲಿ ಪುಟಗಳನ್ನು ತಿರುವಿದಾಗ ಮೂರು ಸಂಗತಿಗಳು ತಾವಾಗಿಯೇ ಎದ್ದು ಕಂಡವು. ಒಂದೇ ಸಮನಾದ ಸದ್ದಿಗಿಂತ ಕುಕ್ಕರಿನ ಸೀಟಿಯಂತಹ ಹಠಾತ್ ಸದ್ದು ಅವನನ್ನು ಹೆಚ್ಚು ನೋಯಿಸುತ್ತಿತ್ತು. ಬೆಳಕು, ಸದ್ದು, ಜನಸಂದಣಿ ಮೂರೂ ಒಟ್ಟಾದಾಗ ಅವನಿಗೆ ತಡೆಯಲಾಗುತ್ತಿರಲಿಲ್ಲ. ಬೆಳಿಗ್ಗೆ ಸಹಿಸಿದ ಸದ್ದನ್ನೇ ದಣಿದ ಸಂಜೆ ಸಹಿಸಲಾರದಿದ್ದನು. ಪಾಸ್ಖ ಜಾಗರಣೆಯ ರಾತ್ರಿಯಲ್ಲಿ ಈ ಮೂರೂ ಸೇರಿದ್ದವು. ನಿದ್ದೆಯ ಹೊತ್ತಿನಲ್ಲಿ, ಗಾಢ ಕತ್ತಲೆಗೆ ಒಗ್ಗಿಹೋದ ಕಣ್ಣುಗಳ ಮೇಲೆ, ಮುನ್ಸೂಚನೆಯಿಲ್ಲದೆ ಎಲ್ಲವೂ ಒಮ್ಮೆಗೇ ಬಿದ್ದಿತ್ತು.

ರೋಗ ತಿಳಿದರೆ ಅರ್ಧ ಗುಣ ಎನ್ನುತ್ತಾರೆ. ಮನೆಯಲ್ಲಿ ನಾವು ಅನುಸರಿಸಿದ ಮೊದಲ ಉಪಾಯ, ಮುಂಚಿತವಾಗಿ ತಿಳಿಸುವುದು. "ಈಗ ಮಿಕ್ಸಿ ಹಾಕುತ್ತೇವೆ, ಒಂದು, ಎರಡು, ಮೂರು" ಎಂದು ಎಣಿಸಿ ಗುಂಡಿ ಒತ್ತುತ್ತಿದ್ದೆವು. ಕೆಲವು ದಿನಗಳಾದ ಮೇಲೆ ಗುಂಡಿಯನ್ನು ಅವನ ಕೈಗೇ ಕೊಟ್ಟೆವು. ಮೂರು ವರ್ಷ ಮಿಕ್ಸಿಯ ಸದ್ದಿಗೆ ಅಡಿಗೆಮನೆ ಬಿಟ್ಟು ಓಡುತ್ತಿದ್ದ ಹುಡುಗ, ತಾನೇ ಗುಂಡಿ ಒತ್ತಿ ಚಟ್ನಿ ರುಬ್ಬಿದನು. ಕ್ಯಾನರ್ ಅವರು 1943ರಲ್ಲಿ ಬರೆದ ಮಾತು ನಮ್ಮ ಅಡಿಗೆಮನೆಯಲ್ಲಿ ನಿಜವಾಯಿತು.

ಎರಡನೆಯದು, ಕಡಮೆ ಮಾಡಬಹುದಾದುದನ್ನು ಕಡಮೆ ಮಾಡುವುದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಜೊತೆಗೆ ಗುಂಯ್ಗುಡುತ್ತದೆ. ನಮ್ಮ ಕಣ್ಣು ಕಿವಿಗಳಿಗೆ ಅದು ತಿಳಿಯದಿದ್ದರೂ ಕೆಲವು ಮಕ್ಕಳಿಗೆ ಅದು ಕಿರುಕುಳವಾಗುತ್ತದೆ. ಅವನು ಓದುವ ಕೋಣೆಯಲ್ಲಿ ಅದನ್ನು ತೆಗೆದು, ಹಳದಿ ಛಾಯೆಯ ದೀಪವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆವು. ಕಿಟಕಿಗೆ ದಪ್ಪ ಪರದೆ ಹಾಕಿದೆವು. ಬಿಸಿಲಿಗೆ ಹೊರಟಾಗ ಅಂಚಿರುವ ಟೊಪ್ಪಿಗೆ ತೊಡಿಸಿದೆವು. ಕಾರ್ಖಾನೆಯ ಕೆಲಸಗಾರರು ಧರಿಸುವಂತಹ ಕಿವಿಗವಸನ್ನು ಜಾತ್ರೆ, ಮದುವೆಗಳಿಗೆ ಮಾತ್ರ ಕೊಟ್ಟೆವು. ದಿನವೆಲ್ಲ ಕಿವಿ ಮುಚ್ಚಿಕೊಂಡಿದ್ದರೆ ಸಾಧಾರಣ ಸದ್ದೂ ಸಹಿಸಲಾಗದಷ್ಟು ಸೂಕ್ಷ್ಮತೆ ಹೆಚ್ಚುತ್ತದೆಂದು ತಜ್ಞರು ನಮ್ಮನ್ನು ಎಚ್ಚರಿಸಿದ್ದರು.

ಮೂರನೆಯದು, ಮೆಲ್ಲಮೆಲ್ಲನೆ ಒಗ್ಗಿಸುವುದು. ದೇವಾಲಯದ ಗಂಟೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ, ಅವನು ಆಟವಾಡುತ್ತಿರುವಾಗ ಹಾಕಿದೆವು. ವಾರಗಳು ಕಳೆದಂತೆ ದನಿಯನ್ನು ತುಸು ತುಸು ಏರಿಸಿದೆವು. ಬಳಿಕ ಸಂಜೆಯ ಗಂಟೆಯ ಹೊತ್ತಿಗೆ ರಸ್ತೆಯ ಆಚೆ ನಿಂತೆವು. ಆಮೇಲೆ ಹೊರಗೋಡೆಯ ಬಳಿ. ಆಮೇಲೆ ಮರದ ಕೆಳಗೆ. ಅವನು ಕೈ ಎತ್ತಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸುವುದೆಂಬ ಕರಾರು ನಮ್ಮೊಳಗಿತ್ತು. ಒಮ್ಮೆಯೂ ಆ ಕರಾರನ್ನು ಮುರಿಯಲಿಲ್ಲ. ಒಂದೇ ದಿನ ಒತ್ತಾಯದಿಂದ ಗಂಟೆಯ ಕೆಳಗೆ ನಿಲ್ಲಿಸಿದ್ದರೆ ಧೈರ್ಯ ಬರುತ್ತಿರಲಿಲ್ಲ, ನಮ್ಮ ಮೇಲಿನ ನಂಬಿಕೆಯೂ ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಕಟ್ಟೆಯೊಡೆಯುತ್ತದೆ. ಅಂತಹ ಹೊತ್ತಿನಲ್ಲಿ ಬುದ್ಧಿ ಹೇಳಬಾರದು, ಬೈಯಬಾರದು, ಹತ್ತು ಜನ ಸುತ್ತುವರಿಯಬಾರದು. ಮಾತೂ ಆಗ ಇನ್ನೊಂದು ಸದ್ದಷ್ಟೆ. ಸುಮ್ಮನೆ ನೆರಳಿರುವ, ನಿಶ್ಶಬ್ದವಾದ ಜಾಗಕ್ಕೆ ಕರೆದೊಯ್ಯಬೇಕು. ಕೆಲವು ಮಕ್ಕಳಿಗೆ ಬಿಗಿಯಾಗಿ ತಬ್ಬಿಕೊಂಡರೆ ಹಿತ, ಇನ್ನು ಕೆಲವರಿಗೆ ಮುಟ್ಟಿದರೇ ಹಿಂಸೆ. ಯಾವುದು ತಮ್ಮ ಮಗುವಿಗೆ ಒಪ್ಪುವುದೆಂದು ತಂದೆತಾಯಿಗಳು ಮೊದಲೇ ತಿಳಿದಿರಬೇಕು. ನಮ್ಮ ಮನೆಯಲ್ಲಿ ಬೀರುವಿನ ಪಕ್ಕದ ಮೂಲೆಯೊಂದನ್ನು ಕಂಬಳಿ ಹಾಸಿ ಅವನಿಗಾಗಿಯೇ ಬಿಟ್ಟಿದ್ದೇವೆ. ಅದು ಶಿಕ್ಷೆಯ ಮೂಲೆಯಲ್ಲ. ಅವನು ಅಲ್ಲಿಗೆ ತಾನಾಗಿ ಹೋಗುತ್ತಾನೆ, ತಾನಾಗಿ ಬರುತ್ತಾನೆ.

ಶಾಲೆಯ ಅಧ್ಯಾಪಕರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆವು. ಕಿಟಕಿಯ ಬಿಸಿಲಿಗೆ ಎದುರಾಗದಂತೆ, ಶಾಲೆಯ ಗಂಟೆಯಿಂದ ದೂರದಲ್ಲಿ ಅವನನ್ನು ಕೂಡಿಸಿದರು. ಶಾಲಾ ವಾರ್ಷಿಕೋತ್ಸವದ ದಿನ ಮುಂಚಿತವಾಗಿ ತಿಳಿಸಿದರು. ಇದು ದಯೆಯಿಂದ ಮಾತ್ರ ನಡೆಯಬೇಕಾದ ಕೆಲಸವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಪಟ್ಟಿ ಮಾಡಿರುವ 21 ಬಗೆಯ ನ್ಯೂನತೆಗಳಲ್ಲಿ ಸ್ವಲೀನತೆಯೂ ಒಂದು.

ಹಾಗೆಯೇ ಮೋಸ ಹೋಗದಂತೆಯೂ ಎಚ್ಚರವಿರಬೇಕು. ಆರು ತಿಂಗಳಲ್ಲಿ ಪೂರ್ತಿ ಗುಣಪಡಿಸುತ್ತೇವೆಂದು ಸಾವಿರಾರು ರೂಪಾಯಿ ಕೇಳಿದವರನ್ನು ನಾವು ಕಂಡಿದ್ದೇವೆ. ಇಂದ್ರಿಯಗಳನ್ನು ಪಳಗಿಸುವ ಚಿಕಿತ್ಸೆಗಳ ಪ್ರಯೋಜನಕ್ಕೆ ದೊರೆತಿರುವ ಆಧಾರ ಮಿತವಾದುದೆಂದು ತಂದೆತಾಯಿಗಳಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2012ರಲ್ಲಿ ಹೇಳಿದೆ. ಆದುದರಿಂದ ಚಿಕಿತ್ಸೆಗೆ ಹೋಗುವುದಾದರೆ, "ಎರಡು ತಿಂಗಳಲ್ಲಿ ಯಾವ ಒಂದು ಕಷ್ಟ ಕಡಮೆಯಾಗಬೇಕು?" ಎಂದು ಮೊದಲೇ ನಿಶ್ಚಯಿಸಿಕೊಂಡು ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇವು ನಮ್ಮ ನಾಡಿನಲ್ಲಿಯೇ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗನೆ ಗುರುತಿಸಲೆಂದು ಜಿಲ್ಲಾ ಮಟ್ಟದ ಕೇಂದ್ರಗಳ ಏರ್ಪಾಟೂ ಆಗಿದೆ.

ಇನ್ನು ನಮ್ಮ ಧರ್ಮಕೇಂದ್ರದ ಮಾತು. ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಿವುಡನೂ ತೊದಲನೂ ಆದ ಒಬ್ಬನನ್ನು ಯೇಸುಸ್ವಾಮಿಯ ಬಳಿಗೆ ಕರೆತಂದ ಪ್ರಸಂಗವಿದೆ. ಪ್ರಭು ಅವನನ್ನು ಗುಣಪಡಿಸುವ ಮೊದಲು ಏನು ಮಾಡಿದರೆಂಬುದನ್ನು ಗಮನಿಸಿದ್ದೀರಾ? ಜನರ ಗುಂಪಿನಿಂದ ಅವನನ್ನು ಬೇರೆಯಾಗಿ, ಏಕಾಂತಕ್ಕೆ ಕರೆದುಕೊಂಡು ಹೋದರು. ಎಷ್ಟೋ ಸಲ ಕೇಳಿದ ಈ ವಾಚನದ ಈ ಸಣ್ಣ ವಿವರ, ಮಗನನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದ ಒಂದು ಭಾನುವಾರ ನಮ್ಮ ಹೃದಯವನ್ನು ತಟ್ಟಿತು. ಗುಂಪಿನ ಹೊರಗೆ ನಿಂತವರೊಡನೆಯೂ ಪ್ರಭು ಇರುತ್ತಾರೆ. 1973ರಲ್ಲಿ ರೋಮ್‌ನಿಂದ ಪ್ರಕಟವಾದ ಮಕ್ಕಳ ಬಲಿಪೂಜೆಯ ಮಾರ್ಗದರ್ಶಿಯೂ ಮಕ್ಕಳ ಪೂಜೆಯಲ್ಲಿ ಮೌನಕ್ಕೆ ತಕ್ಕ ಸ್ಥಾನವಿರಬೇಕೆಂದು ಬೋಧಿಸುತ್ತದೆ.

ಆದಕಾರಣ ನಾಲ್ಕು ಬಿನ್ನಹಗಳನ್ನು ವಿನಯದಿಂದ ಮುಂದಿಡುತ್ತೇವೆ. ಮೊದಲನೆಯದಾಗಿ, ಪಕ್ಕದ ಬಾಗಿಲಿನ ಬಳಿಯ ಒಂದು ಬೆಂಚನ್ನು ಇಂತಹ ಮಕ್ಕಳಿರುವ ಕುಟುಂಬಗಳಿಗೆ ಬಿಟ್ಟುಕೊಡಿರಿ. ಧ್ವನಿವರ್ಧಕದ ಪೆಟ್ಟಿಗೆ ಅದರ ನೆತ್ತಿಯ ಮೇಲೆ ಇರದಿರಲಿ. ಎರಡನೆಯದಾಗಿ, ವಾರಕ್ಕೊಂದು ಪೂಜೆಯಾದರೂ ಮೈಕು, ಕೀಬೋರ್ಡುಗಳ ಅಬ್ಬರವಿಲ್ಲದೆ ನಡೆಯಲಿ. ಮೂರನೆಯದಾಗಿ, ಶತಮಾನೋತ್ಸವದ ಸಮಾರೋಪದ ದಿನ ತೇರು ಯಾವಾಗ ಹೊರಡುವುದು, ಬ್ಯಾಂಡು ಎಲ್ಲಿ ಮೊದಲಾಗುವುದು, ಪಟಾಕಿ ಯಾವ ಗಳಿಗೆಯಲ್ಲಿ ಎಂಬುದನ್ನು ಮುಂಚಿತವಾಗಿ ಸಾರಿರಿ. ಪಟಾಕಿಯನ್ನು ದೇವಾಲಯದ ಬಾಗಿಲಲ್ಲಿ ಸಿಡಿಸದೆ ದೂರದ ಬಯಲಿನಲ್ಲಿ ಸಿಡಿಸಿರಿ. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದೆಂದು ಕಾನೂನಿದೆ. ಜನವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಮಿತಿ ಹಾಕಿವೆ. ಪ್ರತಿ 10 ಡೆಸಿಬಲ್ ಏರಿಕೆಗೆ ಸದ್ದಿನ ಶಕ್ತಿ ಹತ್ತು ಮಡಿ ಹೆಚ್ಚುತ್ತದೆ ಎಂಬುದನ್ನು ನೆನೆದರೆ ಈ ಅಂತರವೆಷ್ಟೆಂದು ತಿಳಿದೀತು. ನಮ್ಮ ಕಿವಿಯೊಳಗೆ ಜೋರು ಸದ್ದಿಗೆ ಬಿಗಿದುಕೊಳ್ಳುವ ಸಣ್ಣದೊಂದು ಸ್ನಾಯುವಿದೆ. ಪಟಾಕಿಯ ಸದ್ದು ಅದು ಬಿಗಿಯುವ ಮೊದಲೇ ಒಳಗೆ ಹೊಕ್ಕಿರುತ್ತದೆ. ದೊಡ್ಡವರ ಕಿವಿಗೂ ಅದು ಕೇಡೇ. ನಾಲ್ಕನೆಯ ಬಿನ್ನಹಕ್ಕೆ ಒಂದು ಕಾಸಿನ ಖರ್ಚೂ ಇಲ್ಲ: ಮಗುವೊಂದು ಪೂಜೆಯಲ್ಲಿ ಚೀರಿದರೆ ದಯವಿಟ್ಟು ತಿರುಗಿ ನೋಡಬೇಡಿರಿ. ದಾರಿ ಬಿಡಿರಿ, ಬಾಗಿಲು ತೆರೆಯಿರಿ, ಸಾಕು.

ಎರಡು ವರ್ಷಗಳ ಹಿಂದೆ ನಮ್ಮ ಮಗ ಪ್ರಥಮ ಪರಮಪ್ರಸಾದ ಸ್ವೀಕರಿಸಿದನು. ಓರಗೆಯ ಮಕ್ಕಳೊಡನೆ ಹಬ್ಬದ ದಿನ ಅಲ್ಲ. ಗುರುಗಳು ದಯವಿಟ್ಟು ಒಪ್ಪಿ, ವಾರದ ದಿನದ ಬೆಳಗಿನ ಪೂಜೆಯಲ್ಲಿ, ಕಿಟಕಿಯ ಬೆಳಕಿನಲ್ಲಿ, ಹನ್ನೆರಡು ಮಂದಿಯ ನಡುವೆ ಅದು ನೆರವೇರಿತು. ಅವನಿಗೆ ನೋವಾಗಿದೆಯೆಂದು ಮೊದಲು ಹೇಳಿದ ಅಜ್ಜಿ ಮುಂದಿನ ಬೆಂಚಿನಲ್ಲಿದ್ದರು. ಅದೇ ಚಳಿಗಾಲದಲ್ಲಿ ಅವರು ಪ್ರಭುವಿನ ಪಾದ ಸೇರಿದರು.

ಈ ವರ್ಷದ ಪಾಸ್ಖ ಜಾಗರಣೆಗೆ ನಾವು ಮೂವರೂ ಬಂದಿದ್ದೆವು. ವಾಚನಗಳು ಮುಗಿಯುತ್ತ ಬಂದಾಗ ಅವನು ನಮ್ಮ ತೋಳನ್ನು ತಟ್ಟಿ, ಬತ್ತಿಯನ್ನು ನಮ್ಮ ಕೈಗೆ ಕೊಟ್ಟು, ಕಿವಿಗವಸು ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ನಡೆದನು. ನಮ್ಮಲ್ಲೊಬ್ಬರು ಹಿಂದೆಯೇ ಹೋದೆವು. ಗಂಟೆಗಳು ಮೊಳಗಿ ನಿಂತವು. ಅವನು ಮರದ ಕೆಳಗೆ ಇನ್ನೂ ಸ್ವಲ್ಪ ಹೊತ್ತು ನಿಂತು, ಕಿವಿಗವಸು ತೆಗೆದು, ಒಳಗಿನ ಹಾಡನ್ನು ಆಲಿಸಿ, "ಈಗ ಹೋಗೋಣ" ಎಂದನು. ಮುಂದಿನ ವರ್ಷ ಹೊರಗೆ ಹೋಗದೆಯೇ ಇರುತ್ತಾನೆಂದು ನಾವು ಭರವಸೆ ಕೊಡಲಾರೆವು. ಅಂತಹ ಹಂಬಲವೂ ಈಗ ನಮಗಿಲ್ಲ. ಹೋದವನು ಮರಳಿ ಬರಲು ಆ ಬಾಗಿಲು ತೆರೆದಿರಲಿ, ಬೆಂಚಿನಲ್ಲಿ ಅವನ ಜಾಗ ಹಾಗೆಯೇ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ.